ಕನ್ವಿಕ್ಷನ್: ಅಮೆರಿಕದ ವಲಸೆ ಕಾನೂನಿನಲ್ಲಿ ಈ ಪದದ ಅರ್ಥ

ಎಫ್-1 ವೀಸಾದ ಮೇಲೆ ಟೆಕ್ಸಾಸ್‌ಗೆ ಓದಲು ಹೋದ ಹುಡುಗನೊಬ್ಬ, ಅಲ್ಲಿಗೆ ಹೋದ ಎರಡನೆಯ ವರ್ಷ, ಅಂಗಡಿಯೊಂದರಿಂದ 800 ಡಾಲರ್ ಬೆಲೆಯ ಸಾಮಾನನ್ನು ದುಡ್ಡು ಕೊಡದೆ ಹೊರಗೆ ತಂದು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳೋಣ. ವಯಸ್ಸು ಚಿಕ್ಕದು, ಮೊದಲ ತಪ್ಪು. ವಕೀಲರು ಮಾತುಕತೆ ನಡೆಸಿ 'ಡಿಫರ್ಡ್ ಅಡ್ಜುಡಿಕೇಷನ್' ಎಂಬ ಏರ್ಪಾಡಿಗೆ ಸರ್ಕಾರಿ ವಕೀಲರನ್ನು ಒಪ್ಪಿಸುತ್ತಾರೆ. ಅದರಂತೆ ಹುಡುಗ ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ನ್ಯಾಯಾಧೀಶರು ಅವನನ್ನು ದೋಷಿಯೆಂದು ತೀರ್ಪು ಕೊಡದೆ ಒಂದು ವರ್ಷ ನಿಗಾದಲ್ಲಿ ಇಡುತ್ತಾರೆ. ಅಷ್ಟು ಕಾಲ ನಡತೆ ಸರಿಯಾಗಿದ್ದರೆ ಪ್ರಕರಣ ವಜಾ ಆಗುತ್ತದೆ. ವರ್ಷ ಕಳೆದು ಪ್ರಕರಣ ವಜಾ ಆದ ದಿನ ಅವನು ಮನೆಗೆ ಫೋನ್ ಮಾಡಿ, 'ಅಪ್ಪ, ಕೇಸು ಮುಗೀತು, ಶಿಕ್ಷೆ ಏನೂ ಆಗಲಿಲ್ಲ' ಎನ್ನುತ್ತಾನೆ. ಟೆಕ್ಸಾಸ್ ರಾಜ್ಯದ ಕಾನೂನಿನ ಮಟ್ಟಿಗೆ ಆ ಮಾತು ನಿಜ. ಅಮೆರಿಕದ ವಲಸೆ ಕಾನೂನಿನ ಲೆಕ್ಕದಲ್ಲಿ ಮಾತ್ರ ಅವನು 'ಕನ್ವಿಕ್ಷನ್' ಆದವನೇ, ಗಡೀಪಾರಿನ ನೋಟಿಸು ಬರಲು ಅಷ್ಟು ಸಾಕು.

ಕನ್ವಿಕ್ಷನ್ ಎಂಬುದನ್ನು ನಾವು 'ಅಪರಾಧ ನಿರ್ಣಯ' ಎಂದೋ 'ದೋಷಿಯೆಂಬ ತೀರ್ಪು' ಎಂದೋ ಕನ್ನಡಿಸುತ್ತೇವೆ. ಎರಡರಲ್ಲೂ ತೀರ್ಪು ಎಂಬ ಭಾವ ಮುಖ್ಯವಾಗಿದೆ: ನ್ಯಾಯಾಧೀಶರು ಏನನ್ನೋ ನಿರ್ಣಯಿಸಿ ಹೇಳಿರಬೇಕು. ಆದರೆ ಅಮೆರಿಕದ ಸಂಸತ್ತು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಗೆ 1996ರಲ್ಲಿ ತಂದ ತಿದ್ದುಪಡಿಯಲ್ಲಿ ಈ ಪದಕ್ಕೆ ತನ್ನದೇ ವ್ಯಾಖ್ಯೆ ಕೊಟ್ಟಿತು. ಔಪಚಾರಿಕ ತೀರ್ಪು ಇದ್ದರೆ ಅದು ಕನ್ವಿಕ್ಷನ್. ತೀರ್ಪನ್ನು ತಡೆಹಿಡಿದಿದ್ದರೂ ಎರಡು ಸಂಗತಿಗಳು ಕೂಡಿದರೆ ಅದೂ ಕನ್ವಿಕ್ಷನ್. ಮೊದಲನೆಯದು, ನ್ಯಾಯಾಧೀಶರು ಅಥವಾ ಜ್ಯೂರಿ ದೋಷಿಯೆಂದು ಕಂಡುಕೊಂಡಿರಬೇಕು, ಇಲ್ಲವೇ ಆರೋಪಿಯೇ ತಪ್ಪೊಪ್ಪಿಕೊಂಡಿರಬೇಕು, ಇಲ್ಲವೇ 'ಆರೋಪವನ್ನು ವಿರೋಧಿಸುವುದಿಲ್ಲ' ಎಂದಿರಬೇಕು, ಇಲ್ಲವೇ ದೋಷ ಸಾಬೀತಾಗುವಷ್ಟು ಸಂಗತಿಗಳನ್ನು ಒಪ್ಪಿರಬೇಕು. ಎರಡನೆಯದು, ನ್ಯಾಯಾಧೀಶರು ಯಾವುದಾದರೊಂದು ಬಗೆಯ ಶಿಕ್ಷೆಯನ್ನು, ದಂಡವನ್ನು ಅಥವಾ ಸ್ವಾತಂತ್ರ್ಯದ ಮೇಲೆ ಕಟ್ಟುಪಾಡನ್ನು ವಿಧಿಸಿರಬೇಕು. ನಮ್ಮ ಹುಡುಗನ ತಪ್ಪೊಪ್ಪಿಗೆ ಮೊದಲನೆಯದನ್ನು ಪೂರೈಸಿತು, ಒಂದು ವರ್ಷದ ನಿಗಾ ಎರಡನೆಯದನ್ನು ಪೂರೈಸಿತು. ಮುಂದೆ ಪ್ರಕರಣ ವಜಾ ಆಯಿತೆಂಬುದಕ್ಕೆ ಈ ವ್ಯಾಖ್ಯೆಯಲ್ಲಿ ಜಾಗವೇ ಇಲ್ಲ.

ಹಾಗಾಗಿ ಅಂಥವರು ತಮ್ಮ ಕ್ರಿಮಿನಲ್ ವಕೀಲರನ್ನು ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, 'ಈ ಏರ್ಪಾಡಿಗಾಗಿ ನಾನು ನ್ಯಾಯಾಲಯದಲ್ಲಿ ಏನನ್ನಾದರೂ ಒಪ್ಪಿಕೊಳ್ಳಬೇಕೇ?' ಎಂಬುದು. ತಪ್ಪೊಪ್ಪಿಗೆಯನ್ನಾಗಲಿ ಸಂಗತಿಗಳ ಒಪ್ಪಿಗೆಯನ್ನಾಗಲಿ ಪಡೆಯದೆ, ವಿಚಾರಣೆಗೆ ಮೊದಲೇ ಸಮುದಾಯ ಸೇವೆಗೋ ತರಗತಿಗಳಿಗೋ ಕಳಿಸಿ ಪ್ರಕರಣವನ್ನು ಕೈಬಿಡುವ ಏರ್ಪಾಡುಗಳೂ ಅಲ್ಲಿವೆ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ, ಎರಡರ ಕೊನೆಯಲ್ಲೂ ಪ್ರಕರಣ ವಜಾ ಆಗುತ್ತದೆ; ಆದರೆ ವಲಸೆ ಕಾನೂನಿನಲ್ಲಿ ಒಂದು ಕನ್ವಿಕ್ಷನ್, ಇನ್ನೊಂದು ಅಲ್ಲ.

ಇದೇ ವ್ಯಾಖ್ಯೆಯಿಂದ ಹುಟ್ಟುವ ಇನ್ನೆರಡು ಪರಿಣಾಮಗಳನ್ನೂ ಹೇಳಬೇಕು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದ್ದರೂ ವಿಧಿಸಿದ ಪೂರ್ತಿ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ದಿನವೂ ಜೈಲಿನಲ್ಲಿರದಿದ್ದವನ ಕಡತದಲ್ಲೂ ಒಂದು ವರ್ಷದ ಶಿಕ್ಷೆ ಎಂದೇ ಇರುತ್ತದೆ. ಇನ್ನು ಹಳೆಯ ಕನ್ವಿಕ್ಷನ್ ಅನ್ನು ನ್ಯಾಯಾಲಯ ಮುಂದೊಮ್ಮೆ ರದ್ದುಪಡಿಸಿದರೆ, ರದ್ದತಿಯ ಕಾರಣವನ್ನು ನೋಡುತ್ತಾರೆ. ವಲಸೆ ಮೇಲ್ಮನವಿ ಮಂಡಳಿ 2003ರ ಪಿಕರಿಂಗ್ ಪ್ರಕರಣದಲ್ಲಿ ಹೇಳಿದಂತೆ, ಮೂಲ ವಿಚಾರಣೆಯಲ್ಲೇ ಕಾನೂನಿನ ದೋಷವಿದ್ದು ರದ್ದಾಗಿದ್ದರೆ ಕನ್ವಿಕ್ಷನ್ ಉಳಿಯುವುದಿಲ್ಲ. ವ್ಯಕ್ತಿ ಸುಧಾರಿಸಿದ್ದಾನೆಂದೋ ಗಡೀಪಾರು ತಪ್ಪಲೆಂದೋ ಕರುಣೆಯಿಂದ ರದ್ದು ಮಾಡಿದ್ದರೆ ಅದು ಹಾಗೆಯೇ ಉಳಿಯುತ್ತದೆ.

ಕನ್ವಿಕ್ಷನ್ ಆಯಿತೆಂದ ಮಾತ್ರಕ್ಕೆ ಗಡೀಪಾರು ನಿಶ್ಚಿತವೇನಲ್ಲ. ಅಪರಾಧದ ವರ್ಗ ಯಾವುದೆಂದು ಆಮೇಲೆ ನೋಡುತ್ತಾರೆ. ಅಂಥ ಒಂದು ವರ್ಗ ನಮ್ಮ ಕಾನೂನಿನಲ್ಲೂ ಇರುವ 'ನೈತಿಕ ಅಧಃಪತನ'ದ ಅಪರಾಧ. ಅಮೆರಿಕದ ವಲಸೆ ಕಾನೂನಿನಲ್ಲಿ 1891ರಿಂದ ಇರುವ ಈ ಮಾತಿಗೆ ಸಂಸತ್ತು ಇಂದಿಗೂ ವ್ಯಾಖ್ಯೆ ಕೊಟ್ಟಿಲ್ಲ. ವಂಚನೆಯನ್ನೂ ಸಾಮಾನ್ಯವಾಗಿ ಕಳ್ಳತನವನ್ನೂ ನ್ಯಾಯಾಲಯಗಳು ಇದರೊಳಗೆ ಸೇರಿಸುತ್ತ ಬಂದಿವೆ. ದೇಶದೊಳಗೆ ಬಂದ ಐದು ವರ್ಷಗಳಲ್ಲಿ ಮಾಡಿದ ಇಂಥ ಅಪರಾಧಕ್ಕೆ 'ಒಂದು ವರ್ಷ ಅಥವಾ ಹೆಚ್ಚಿನ' ಸೆರೆವಾಸ ವಿಧಿಸಲು ಅವಕಾಶವಿದ್ದರೆ ಗಡೀಪಾರು ಮಾಡಬಹುದು. ನಿಜವಾಗಿ ಎಷ್ಟು ವಿಧಿಸಿದರೆಂಬುದು ಇಲ್ಲಿ ಮುಖ್ಯವಲ್ಲ. ಟೆಕ್ಸಾಸ್‌ನಲ್ಲಿ 750 ಡಾಲರಿನಿಂದ 2,500 ಡಾಲರಿನೊಳಗಿನ ಕಳ್ಳತನಕ್ಕೆ ಗರಿಷ್ಠ ಸೆರೆವಾಸ ಸರಿಯಾಗಿ ಒಂದು ವರ್ಷ. ನಮ್ಮ ಹುಡುಗನ ಸಾಮಾನಿನ ಬೆಲೆ 700 ಡಾಲರ್ ಆಗಿದ್ದರೆ ಗರಿಷ್ಠ 180 ದಿನ, ಆಗ ಆ ಒಂದೇ ಕೃತ್ಯಕ್ಕೆ ಈ ಕಲಮಿನಡಿ ಗಡೀಪಾರು ಮಾಡಲು ಬರುತ್ತಿರಲಿಲ್ಲ.

ಗರಿಷ್ಠ ಅವಧಿ ವರ್ಷಕ್ಕಿಂತ ಒಂದೇ ದಿನ ಕಡಿಮೆಯಿದ್ದರೂ ಈ ಕಲಮು ತಾಗುವುದಿಲ್ಲ ಎಂಬುದನ್ನು ಕೆಲವು ರಾಜ್ಯಗಳು ಗಮನಿಸಿದವು. ಕ್ಯಾಲಿಫೋರ್ನಿಯಾ 2015ರಿಂದ ಜಾರಿಗೆ ಬರುವಂತೆ ತನ್ನ ಸಣ್ಣ ಅಪರಾಧಗಳ ಗರಿಷ್ಠ ಸೆರೆವಾಸವನ್ನು 365 ದಿನಗಳಿಂದ 364ಕ್ಕೆ ಇಳಿಸಿತು, ನ್ಯೂಯಾರ್ಕ್ 2019ರಲ್ಲಿ ಅದನ್ನೇ ಮಾಡಿತು. ಕೇವಲ ಒಂದು ದಿನಕ್ಕಾಗಿ ಶಾಸನಸಭೆಗಳು ಕಾನೂನು ತಿದ್ದಿದವೆಂದರೆ, ಆ ಒಂದು ದಿನದ ಮೇಲೆ ಎಷ್ಟು ಸಂಸಾರಗಳು ನಿಂತಿದ್ದವೆಂದು ಊಹಿಸಬಹುದು.

ಇದಕ್ಕಿಂತ ಕಠಿಣವಾದ ಇನ್ನೊಂದು ವರ್ಗ 'ಅಗ್ರವೇಟೆಡ್ ಫೆಲನಿ', ಅಂದರೆ ಉಗ್ರ ಅಪರಾಧ. 1988ರಲ್ಲಿ ಹುಟ್ಟಿದಾಗ ಇದರಲ್ಲಿ ಕೊಲೆ, ಮಾದಕವಸ್ತು ಸಾಗಣೆ, ಶಸ್ತ್ರಾಸ್ತ್ರ ಸಾಗಣೆ ಮಾತ್ರ ಇದ್ದವು. ಈಗ 10,000 ಡಾಲರ್ ಮೀರಿದ ನಷ್ಟದ ವಂಚನೆಯೂ, ಒಂದು ವರ್ಷದ ಶಿಕ್ಷೆಯಾದ ಕಳ್ಳತನವೂ ಇದರಲ್ಲಿ ಸೇರಿವೆ. ರಾಜ್ಯದ ಕಾನೂನು ಯಾವುದನ್ನು ಸಣ್ಣ ಅಪರಾಧವೆಂದು ಕರೆಯುತ್ತದೋ ಅದೇ ಇಲ್ಲಿ ಉಗ್ರ ಅಪರಾಧವಾಗುವುದುಂಟು. ಈ ಹಣೆಪಟ್ಟಿ ಬಿದ್ದರೆ ದಶಕಗಳಿಂದ ಗ್ರೀನ್ ಕಾರ್ಡ್ ಹೊಂದಿದವರಿಗೂ ಗಡೀಪಾರಿನಿಂದ ಉಳಿಯುವ ದಾರಿಗಳು ಬಹುತೇಕ ಮುಚ್ಚುತ್ತವೆ. ಮಾದಕವಸ್ತುವಿನ ವಿಷಯದಲ್ಲೂ ಎಚ್ಚರ ಬೇಕು: ಹಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ, ಆದರೆ ವಲಸೆ ಅಧಿಕಾರಿಗಳು ನೋಡುವುದು ರಾಜ್ಯದ ಕಾನೂನನ್ನಲ್ಲ, ಫೆಡರಲ್ ಅಂದರೆ ಕೇಂದ್ರದ ಕಾನೂನನ್ನು.

ಇಷ್ಟೊಂದು ಕಠಿಣ ಪರಿಣಾಮವಿರುವಾಗ ಮೊದಲೇ ಯಾರಾದರೂ ಎಚ್ಚರಿಸಬೇಡವೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ 2010ರ ಪಡಿಲ್ಲಾ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಹೊಂಡುರಾಸ್ ಮೂಲದ, 40 ವರ್ಷಕ್ಕೂ ಹೆಚ್ಚು ಕಾಲ ಕಾಯಂ ನಿವಾಸಿಯಾಗಿದ್ದ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದಿದ್ದ ವ್ಯಕ್ತಿಗೆ, ಇಷ್ಟು ಕಾಲದಿಂದ ಇಲ್ಲೇ ಇರುವುದರಿಂದ ಚಿಂತೆ ಬೇಡ ಎಂದು ಅವರ ವಕೀಲರು ಹೇಳಿದ್ದರು. ಅದನ್ನು ನಂಬಿ ಗಾಂಜಾ ಸಾಗಣೆಯ ತಪ್ಪೊಪ್ಪಿಕೊಂಡ ಅವರು ಗಡೀಪಾರು ಎದುರಿಸಬೇಕಾಯಿತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂಬುದನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಸಾಂವಿಧಾನಿಕ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ಆದರೆ ವಲಸೆ ನ್ಯಾಯಾಲಯದಲ್ಲಿ ಸರ್ಕಾರಿ ಖರ್ಚಿನ ವಕೀಲರು ಸಿಗುವುದಿಲ್ಲ. ಗಡೀಪಾರು ಎಂಬುದು ಶಿಕ್ಷೆಯಲ್ಲ, ಸಿವಿಲ್ ಕ್ರಮ ಎಂದು 1893ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ನಿಂತಿದೆ. ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಕಿತ್ತು ಕಳಿಸುವುದನ್ನು ಶಿಕ್ಷೆಯಲ್ಲವೆನ್ನುವುದನ್ನು ಒಪ್ಪುವುದು ನನಗೆ ಕಷ್ಟ.

ಇಷ್ಟು ಹೊತ್ತು ಕನ್ವಿಕ್ಷನ್ ಬಗ್ಗೆ ಹೇಳಿದ್ದಾಯಿತು; ಕನ್ವಿಕ್ಷನ್ ಇಲ್ಲದೆ ಬರಿಯ ಆರೋಪವೂ ತೊಂದರೆ ತರುವ ಸಂದರ್ಭಗಳಿವೆ. ಕುಡಿದು ವಾಹನ ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ಅಮೆರಿಕದ ವಿದೇಶಾಂಗ ಇಲಾಖೆ ವೀಸಾವನ್ನು ರದ್ದು ಮಾಡಬಹುದು. ವೀಸಾ ಎಂಬುದು ದೇಶದೊಳಗೆ ಬರಲು ಬೇಕಾದ ಮುದ್ರೆಯಾದ್ದರಿಂದ, ಎಚ್-1ಬಿ ನೌಕರನ ವಾಸದ ಹಕ್ಕು ಅಷ್ಟರಿಂದಲೇ ತಪ್ಪುವುದಿಲ್ಲ. ಆದರೆ ತಂಗಿಯ ಮದುವೆಗೆಂದು ಮೈಸೂರಿಗೆ ಬಂದವನು ಹೊಸ ಮುದ್ರೆಯಿಲ್ಲದೆ ಮರಳಲಾರ, ಮತ್ತು ಹೊಸ ಮುದ್ರೆಗೆ ಮುನ್ನ ವೈದ್ಯಕೀಯ ಪರೀಕ್ಷೆಗೆ ಹೋಗಬೇಕಾಗಬಹುದು. ಇನ್ನೊಂದು, 2025ರ ಜನವರಿಯ ಲೇಕನ್ ರೈಲಿ ಕಾಯ್ದೆ. ಅನುಮತಿಯಿಲ್ಲದೆ ಗಡಿ ದಾಟಿದವರೂ ಸೇರಿದಂತೆ ಕೆಲವು ವರ್ಗದ ವಲಸಿಗರ ಮೇಲೆ ಕಳ್ಳತನ, ಅಂಗಡಿಗಳ್ಳತನದಂಥ ಆರೋಪ ಬಂದರೆ ಅಥವಾ ಬಂಧನವಾದರೆ, ತೀರ್ಪಿಗೆ ಕಾಯದೆ ಅವರನ್ನು ವಲಸೆ ಇಲಾಖೆಯ ವಶದಲ್ಲಿಡಬೇಕೆಂದು ಅದು ಹೇಳುತ್ತದೆ.

ಪೌರತ್ವದ ಅರ್ಜಿಯಲ್ಲಿ ಬಂಧನಗಳ ಬಗ್ಗೆ ಪ್ರಶ್ನೆಯಿದೆ. ದಾಖಲೆ ಅಳಿಸಿಹೋಗಿದ್ದರೂ ಹೇಳಬೇಕು. ಊರಿನಲ್ಲಿ ದಾಖಲಾಗಿ ಖುಲಾಸೆಯಾದ ಪ್ರಕರಣದಲ್ಲಿ ಬಂಧನವಾಗಿದ್ದರೆ ಅದನ್ನೂ ಬರೆಯಬೇಕು. ಮುಚ್ಚಿಟ್ಟರೆ ಮೂಲ ಪ್ರಕರಣಕ್ಕಿಂತ ಸುಳ್ಳೇ ದೊಡ್ಡ ಕಾರಣವಾಗಬಹುದು. ಅದಕ್ಕಾಗಿಯೇ ಅನುಭವಿ ವಕೀಲರು, ದಾಖಲೆ ಅಳಿಸಲು ಅರ್ಜಿ ಹಾಕುವ ಮೊದಲು ನ್ಯಾಯಾಲಯದ ಅಂತಿಮ ಆದೇಶದ ದೃಢೀಕೃತ ನಕಲುಗಳನ್ನು ತೆಗೆದಿಟ್ಟುಕೊಳ್ಳಲು ಹೇಳುತ್ತಾರೆ. ಅಳಿಸಿದ ಮೇಲೆ ನ್ಯಾಯಾಲಯದ ಕಚೇರಿಯಲ್ಲಿ ಆ ಕಾಗದ ಸಿಗದೆ ಹೋಗಬಹುದು, ವಲಸೆ ಅಧಿಕಾರಿ ಕೇಳುವುದು ಅದನ್ನೇ.