ಯಾವ ಊರಿನ ಸಿಗ್ಮಾ?

ತುಮಕೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪೂರ್ಣಸಂಖ್ಯೆಗಳ ಗುಣಗಳನ್ನು ನೋಡುವ ಸಂಖ್ಯಾಸಿದ್ಧಾಂತ ಶುರುವಾದ ವಾರ ಒಂದು ತಪ್ಪು ವರ್ಷವರ್ಷವೂ ಕೇಳಿಬರುತ್ತದೆ: ಒಂದು ಗ್ರೀಕ್ ಅಕ್ಷರಕ್ಕೆ ಎಲ್ಲೆಡೆ ಒಂದೇ ಅರ್ಥ ಎಂದುಕೊಳ್ಳುವುದು. ಬೋರ್ಡಿನ ಮೇಲೆ ಪೈ(10) ಎಂದು ಬರೆದು ಎಷ್ಟು ಎಂದರೆ ಅರ್ಧ ಕ್ಲಾಸು ಒಟ್ಟಿಗೆ '31.4 ಸಾರ್' ಅನ್ನುತ್ತದೆ. ಉತ್ತರ 4. ಅಲ್ಲಿ ಪೈ ಎಂದರೆ ಅಷ್ಟರೊಳಗಿನ ಅವಿಭಾಜ್ಯ ಸಂಖ್ಯೆಗಳ ಎಣಿಕೆ: 2, 3, 5, 7. ಪೈ(100) ಆದರೆ 25.

ಮಕ್ಕಳನ್ನು ಬೈಯಲು ಮನಸ್ಸು ಬರುವುದಿಲ್ಲ. ಪೈ ಅಂದರೆ 22/7 ಎಂದು ಬಾಯಿಪಾಠ ಮಾಡಿಸಿದವರು ಮೇಷ್ಟ್ರುಗಳಾದ ನಾವೇ. ಅದೂ ಅಂದಾಜು ಬೆಲೆ ಎಂದು ಹೇಳಲಿಲ್ಲ. ನನಗೆ ತಾಳ್ಮೆ ತಪ್ಪುವುದು 'ಸಿಗ್ಮಾ ಎಂದರೆ ಮಾನಕ ವಿಚಲನೆ' (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎಂದು ಪಟ್ಟಿ ಮಾಡಿ ಉರುಹೊಡೆಸುವವರನ್ನು ಕಂಡಾಗ.

ನಮ್ಮ ಕಡೆ ರಂಗನಾಥ, ಸಿದ್ದಲಿಂಗ ಎಂಬ ಹೆಸರುಗಳಿಗೆ ಬರವಿಲ್ಲ. ಹಾಜರಿ ಕೂಗುವಾಗ ರಂಗನಾಥ ಎಂದರೆ ಮೂರು ಕೈ ಮೇಲೇಳುತ್ತವೆ. ಗುಬ್ಬಿಯವನಾ, ಶಿರಾದವನಾ, ಕುಣಿಗಲ್ಲಿನವನಾ ಎಂದು ಕೇಳಿಯೇ ಗುರುತು ಹಾಕಬೇಕು. ಸಿಗ್ಮಾಕ್ಕೂ ಹಾಗೇ ಊರು ಕೇಳಿ. ಸಂಖ್ಯಾಶಾಸ್ತ್ರದಲ್ಲಿ (ಸ್ಟ್ಯಾಟಿಸ್ಟಿಕ್ಸ್) ಅದು ಮಾನಕ ವಿಚಲನೆ. ಸಂಖ್ಯಾಸಿದ್ಧಾಂತದಲ್ಲಿ ಸಿಗ್ಮಾ(6) ಎಂದರೆ 6ರ ಭಾಜಕಗಳ ಮೊತ್ತ, 1+2+3+6, ಅಂದರೆ 12. ಝೀಟಾ ಫಂಕ್ಷನ್ನಿನ ಪುಸ್ತಕ ತೆರೆದರೆ ಎಸ್ ಎಂಬ ಸಂಕೀರ್ಣ ಸಂಖ್ಯೆಗೆ ವಾಸ್ತವ, ಕಾಲ್ಪನಿಕ ಎಂದು ಎರಡು ಭಾಗ; ಅದರ ವಾಸ್ತವ ಭಾಗವೇ ಸಿಗ್ಮಾ.

'ಝೀಟಾ ಬೆಲೆ ಎಷ್ಟು ಸಾರ್?' ಎಂದೂ ಕೇಳುತ್ತಾರೆ. ಅದು ಸಂಖ್ಯೆಯಲ್ಲ, ಫಂಕ್ಷನ್. ಎಲ್ಲಿ ಎಂದು ಹೇಳಿದರೆ ತಾನೇ ಬೆಲೆ? 2ರಲ್ಲಿ ಕೇಳಿದರೆ 1 + 1/4 + 1/9 + 1/16 ಎಂದು ಮುಗಿಯದೆ ಸಾಗುವ ಮೊತ್ತ. ಅದು ಪೈ ವರ್ಗದ ಆರನೇ ಒಂದು ಭಾಗ ಎಂದು ಗಣಿತಜ್ಞ ಆಯ್ಲರ್ 1735ರಲ್ಲಿ ಕಂಡುಕೊಂಡ. ಈ ಪೈ ಮಾತ್ರ ವೃತ್ತದ್ದೇ. ಇದೇ ಮೊತ್ತವನ್ನು ಒಂದೊಂದು ಅವಿಭಾಜ್ಯಕ್ಕೂ ಒಂದೊಂದು ಅಪವರ್ತನ ಇರುವ ಗುಣಲಬ್ಧವಾಗಿಯೂ ಬರೆಯಬಹುದು ಎಂದು ತೋರಿಸಿದವನೂ ಅವನೇ. ಹಾಗಾಗಿ ಎಣಿಕೆಯ ಪೈ, ವೃತ್ತದ ಪೈ ಎರಡೂ ಒಂದೇ ಪುಟದಲ್ಲಿ ಎದುರಾಗುವುದುಂಟು. ಪಾಠ ಮಾಡುವಾಗ ನನಗೆ ತುಂಬ ಇಷ್ಟವಾದ ಪುಟ ಅದು. ಆಯ್ಲರನ ಕಾಲದಲ್ಲಿ ಇದಕ್ಕೆ ಝೀಟಾ ಎಂಬ ಹೆಸರಿರಲಿಲ್ಲ. ಆ ಅಕ್ಷರ ಕೊಟ್ಟವನು ಜರ್ಮನಿಯ ಗಣಿತಜ್ಞ ರೀಮನ್, 1859ರ ಲೇಖನದಲ್ಲಿ. ಬರೆಯುವಾಗ ಎಚ್ಚರ: ಕೈ ಒಂದು ಸಲ ಬಾಗಿದರೆ ಝೀಟಾ, ಎರಡು ಸಲ ಬಾಗಿದರೆ ಕ್ಸೈ ಎಂಬ ಇನ್ನೊಂದು ಗ್ರೀಕ್ ಅಕ್ಷರ. ರೀಮನ್ ಅದೇ ಲೇಖನದಲ್ಲಿ ಕ್ಸೈಯನ್ನು ಬೇರೆ ಫಂಕ್ಷನ್ನಿಗೆ ಬಳಸಿದ್ದಾನೆ.

ನಿಮ್ಮ ಪಠ್ಯದಲ್ಲಿ ಬೇರೆ ಗುರುತುಗಳಿರಬಹುದು. ಪರೀಕ್ಷೆಯಲ್ಲಿ ಅವನ್ನೇ ಬಳಸಿ. 'ಇಲ್ಲಿ ಸಿಗ್ಮಾ ಎಂದರೆ ಇಂಥದ್ದು' ಎಂದು ಮೊದಲು ಒಂದು ಸಾಲು ಬರೆಯಿರಿ.

ಆ ಸಾಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಕಳೆದ ತಿಂಗಳು ಪಾವಗಡದ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. 1+2+3+4 ಎಂದು ಕೂಡುತ್ತ ಹೋದರೆ ಮೈನಸ್ 1/12 ಬರುತ್ತದೆ ಎಂಬ ವಿಡಿಯೊ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಕೂಡುತ್ತ ಹೋದರೆ 1, 3, 6, 10 ಎಂದು ಬೆಳೆಯುತ್ತದೆ ಅಷ್ಟೇ. ಝೀಟಾದ ಮೊತ್ತದಲ್ಲಿ ಘಾತ 2ರ ಬದಲು ಮೈನಸ್ 1 ಹಾಕಿದರೆ ಈ 1+2+3+4 ಕಾಣುತ್ತದೆ, ನಿಜ. ಆದರೆ ಝೀಟಾವನ್ನು ಮೊತ್ತವಾಗಿ ಬರೆಯುವ ಸಾಲಿಗೆ ಷರತ್ತಿದೆ: ಎಸ್‌ನ ವಾಸ್ತವ ಭಾಗ 1ಕ್ಕಿಂತ ಹೆಚ್ಚಿರಬೇಕು. ಅದರಾಚೆಗೆ ಫಂಕ್ಷನ್ನನ್ನು ಬೇರೆ ದಾರಿಯಲ್ಲಿ ವಿಸ್ತರಿಸುತ್ತಾರೆ. ಮೈನಸ್ 1ರಲ್ಲಿ ಮೈನಸ್ 1/12 ಬರುವುದು ಆ ವಿಸ್ತರಣೆಯಿಂದ. ಪಿಯುಸಿಯ ಗುಣೋತ್ತರ ಶ್ರೇಢಿಯಲ್ಲೇ ಇದನ್ನು ನೋಡಬಹುದು. 1+2+4+8ಕ್ಕೆ ಅನಂತ ಮೊತ್ತದ ಸೂತ್ರ ಹಾಕಿದರೆ ಮೈನಸ್ 1 ಬರುತ್ತದೆ. ಸೂತ್ರ ಸರಿಯೇ, ಆದರೆ ಸಾಮಾನ್ಯ ಅನುಪಾತ 2 ಆದಾಗ ಅದನ್ನು ಹಾಕುವಂತಿಲ್ಲ.

'ರಾಮಾನುಜನ್ ಹೇಳಿದ್ದಾರಂತೆ ಸಾರ್' ಎಂದ. ಹೇಳಿದ್ದಾರೆ. 1913ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರದಲ್ಲಿ ಮೈನಸ್ 1/12 ಎನ್ನುವಾಗ ತನ್ನ ಸಿದ್ಧಾಂತದ ಪ್ರಕಾರ ಎಂದು ಸೇರಿಸಿಯೇ ಬರೆದಿದ್ದಾರೆ. ಆ ಪತ್ರದ ಜೆರಾಕ್ಸ್ ಅವನ ಕೈಗೆ ಕೊಟ್ಟಿದ್ದೇನೆ. ಓದಿಕೊಂಡು ಸೋಮವಾರ ಬರುತ್ತೇನೆ ಎಂದಿದ್ದಾನೆ.