ಪುಸ್ತಕ ಕೊಟ್ಟರೂ ಓದು ಯಾಕೆ ಬರಲಿಲ್ಲ?

ಒಂದೇ ಒಂದು ಹಾಳೆ. ಅದರಲ್ಲಿ ಒಂದಷ್ಟು ಬಿಡಿ ಅಕ್ಷರ, ಒಂದಷ್ಟು ಸಣ್ಣ ಪದ, ನಾಲ್ಕು ಸಾಲಿನ ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು, ಅಷ್ಟೇ. ಬೆರಳು ಸಾಲಿನ ಮೇಲೆ ಸರಾಗವಾಗಿ ಹೋಗುತ್ತಿರುತ್ತದೆ. ಒಂದು ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತದೆ, ಮಗು ನಮ್ಮ ಮುಖ ನೋಡುತ್ತದೆ.

ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಹಳ್ಳಿಗೆ ಹೋಗಿ ಇದನ್ನೇ ಮಾಡುತ್ತಿದ್ದಾರೆ. 2022ರಲ್ಲಿ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಆ ಕಥೆ ಓದಲು ಬಂದದ್ದು ಶೇ 42.8 ಮಕ್ಕಳಿಗೆ ಮಾತ್ರ. ಈ ಅಂಕಿ ಓದಿದಾಗಲೆಲ್ಲ ನನಗೆ ಆ ನಿಂತ ಬೆರಳೇ ನೆನಪಾಗುತ್ತದೆ.

ಪರಿಹಾರ ಕೇಳಿದರೆ ಎಲ್ಲರ ಹತ್ತಿರವೂ ಇದೆ. ಪುಸ್ತಕ ಕೊಡಿ, ಮೇಷ್ಟ್ರಿಗೆ ತರಬೇತಿ ಕೊಡಿ, ಅಪ್ಪ ಅಮ್ಮಂದಿರಲ್ಲಿ ಜಾಗೃತಿ ಮೂಡಿಸಿ. ಇದರಲ್ಲಿ ಯಾವುದರಿಂದ ನಿಜಕ್ಕೂ ಓದು ಬರುತ್ತದೆ ಅಂತ ಹೀಗೆ ಅಳೆದು ನೋಡುವ ಕೆಲಸ ಜೋರಾಗಿದ್ದು 1990ರ ದಶಕದಿಂದ ಈಚೆಗೆ. ಆ ಕಥೆಯಲ್ಲಿ ಗೆಲುವಿಗಿಂತ ಸೋಲೇ ಜಾಸ್ತಿ, ನಮಗೆ ದಾರಿ ತೋರಿಸಿದ್ದೂ ಬಹುಪಾಲು ಆ ಸೋಲುಗಳೇ.

ಮೊದಲು ಕೀನ್ಯಾಗೆ ಹೋಗೋಣ. 1990ರ ದಶಕದ ನಡುವೆ ಅಲ್ಲಿನ ಪಶ್ಚಿಮ ಭಾಗದ ಬುಸಿಯಾದಲ್ಲಿ ಒಂದು ಡಚ್ ಸಂಸ್ಥೆ ಶಾಲೆಗಳಿಗೆ ಪಠ್ಯಪುಸ್ತಕ ಹಂಚಲು ಹೊರಟಿತ್ತು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಜೊತೆಗಾರರು 100 ಶಾಲೆಗಳ ಪಟ್ಟಿ ಮಾಡಿ, ಮೊದಲ ಸರದಿಯಲ್ಲಿ ಪುಸ್ತಕ ಸಿಗುವ 25 ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಚೀಟಿ ಯಾಕೆ ಅಂದರೆ, ಚುರುಕಾದ ಹೆಡ್‌ಮೇಷ್ಟ್ರು ಇರುವ ಶಾಲೆಗೇ ಪುಸ್ತಕ ಹೋದರೆ ಆಮೇಲೆ ಮಕ್ಕಳು ಕಲಿತದ್ದು ಪುಸ್ತಕದಿಂದಲೋ ಮೇಷ್ಟ್ರಿಂದಲೋ ಹೇಳೋಕಾಗಲ್ಲ. ಚೀಟಿ ಎತ್ತಿದಾಗ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಮುಂದೆ ಕಾಣುವ ವ್ಯತ್ಯಾಸಕ್ಕೆ ಪುಸ್ತಕವೇ ಕಾರಣ ಅನ್ನಬಹುದು.

ವ್ಯತ್ಯಾಸ ಕಾಣಲೇ ಇಲ್ಲ. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಅದು ಅಲ್ಲಿನ ಬಹಳಷ್ಟು ಮಕ್ಕಳಿಗೆ ಮೂರನೇ ಭಾಷೆ. ಓದಲು ಬಾರದ ಮಗುವಿಗೆ ಪುಸ್ತಕ ಕೊಟ್ಟು ಏನು ಪ್ರಯೋಜನ, ಅಲ್ವಾ?

ಅದೇ ಹೊತ್ತಿಗೆ ಮುಂಬೈನ ಕೊಳೆಗೇರಿಗಳಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಸಂಸ್ಥೆ ಬೇರೆ ದಾರಿ ಹಿಡಿದಿತ್ತು. ಅದೇ ಬಡಾವಣೆಯ ಹುಡುಗಿಯನ್ನು ‘ಬಾಲಸಖಿ’ ಅಂತ ನೇಮಿಸುವುದು. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ಆಕೆ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅಕ್ಷರ ಮತ್ತು ಎಣಿಕೆಯಿಂದ ಕಲಿಸುವುದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳ ಅಂಕ ಏರಿತು, ಅತಿ ಹಿಂದಿದ್ದವರದ್ದೇ ಹೆಚ್ಚು ಏರಿತು. ಇತ್ತ ತರಗತಿಯಲ್ಲೇ ಉಳಿದ ಮಕ್ಕಳಿಗೆ ಎರಡು ಗಂಟೆ ಸಹಪಾಠಿಗಳು ಕಡಿಮೆಯಾದರೂ ಅವರ ಅಂಕ ಏರಲಿಲ್ಲ. ಬರೀ ಮಕ್ಕಳ ಸಂಖ್ಯೆ ಇಳಿಸಿದರೆ ಸಾಲದು ಅಂತ ಅಲ್ಲಿಗೆ ಗೊತ್ತಾಯಿತು.

ಇದು ನಗರದ ಮಾತು. ಹಳ್ಳಿಯಲ್ಲಿ? 2005ರ ಹೊತ್ತಿಗೆ ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಬ್ಯಾನರ್ಜಿ, ಡುಫ್ಲೊ ತಂಡದವರೇ 280 ಹಳ್ಳಿ ಹಿಡಿದು ನೋಡಿದರು. ಕೆಲವು ಕಡೆ ಸಭೆ ಸೇರಿಸಿ, ನಿಮಗೊಂದು ಗ್ರಾಮ ಶಿಕ್ಷಣ ಸಮಿತಿ ಇದೆ (ನಮ್ಮ ಎಸ್‌ಡಿಎಂಸಿ ಥರದ್ದು), ಶಾಲೆಯನ್ನು ಪ್ರಶ್ನಿಸಿ ಅಂತ ತಿಳಿಹೇಳಿದರು. ಸಮಿತಿ ಇದೆ ಅನ್ನೋದೇ ಹೆಚ್ಚಿನ ಪೋಷಕರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಶಾಲೆ ಇದ್ದ ಹಾಗೇ ಇತ್ತು. ಊರಿನ ಯುವಕರೇ ಓದಿನ ಶಿಬಿರ ನಡೆಸಿದ ಕಡೆ, ಬಂದ ಮಕ್ಕಳು ನಿಜವಾಗಿ ಓದು ಕಲಿತರು. ಆದರೆ ಬಂದವರು ನೂರಕ್ಕೆ ಎಂಟು ಮಕ್ಕಳು. ಶಾಲೆಯ ಹೊರಗೆ ಎಷ್ಟು ಚೆನ್ನಾಗಿ ಕಲಿಸಿದರೂ ಎಲ್ಲ ಮಕ್ಕಳಿಗೆ ಮುಟ್ಟಲ್ಲ. ಹಾಗಾದರೆ ಶಾಲೆಯ ಒಳಗೇ ಹೋಗಬೇಕು.

ಒಳಗೆ ಹೋದಾಗ ಮತ್ತೆ ಪೆಟ್ಟು. 2008ರಲ್ಲಿ ಬಿಹಾರದಲ್ಲಿ ಬೇಸಿಗೆ ರಜೆಯಲ್ಲಿ ಸರ್ಕಾರಿ ಮೇಷ್ಟ್ರುಗಳೇ ಶಿಬಿರ ನಡೆಸಿದರು, ಮಕ್ಕಳು ಕಲಿತರು. ಅದೇ ಮೇಷ್ಟ್ರುಗಳಿಗೆ ತರಬೇತಿ, ಸಾಮಗ್ರಿ ಎಲ್ಲ ಕೊಟ್ಟು ಶಾಲೆಯ ದಿನಗಳಲ್ಲಿ ಮಾಡಿ ಅಂದಾಗ ಏನೂ ಬದಲಾಗಲಿಲ್ಲ. ಉತ್ತರಾಖಂಡದಲ್ಲಂತೂ ಸಹಾಯಕ್ಕೆ ಕಳಿಸಿದ ಸ್ವಯಂಸೇವಕರನ್ನೇ ಮಾಮೂಲಿ ಪಾಠ ಮಾಡಲು ಹಚ್ಚಿದರು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದೇ ಜಾಗ. ಕಲಿಸಲು ಬರುತ್ತದೆ ಅಂತ ಬೇಸಿಗೆಯಲ್ಲಿ ತೋರಿಸಿದ್ದ ಮೇಷ್ಟ್ರುಗಳು ಜೂನ್, ಜುಲೈ ಬಂದ ಕೂಡಲೇ ಯಾಕೆ ನಿಲ್ಲಿಸಿದರು? ಶಾಲೆ ಶುರುವಾದ ಮೇಲೆ ಅವರ ತಲೆಯ ಮೇಲೆ ಇರುವುದು ಸಿಲೆಬಸ್. ಪಾಠ ಮುಗಿಯಿತಾ ಅಂತ ಕೇಳುವವರಿದ್ದಾರೆ, ಮಗುವಿಗೆ ಓದು ಬಂತಾ ಅಂತ ಯಾರೂ ಕೇಳುವುದಿಲ್ಲ.

ಹರಿಯಾಣದಲ್ಲಿ 2012–13ರಲ್ಲಿ ಇದನ್ನೇ ಸರಿಪಡಿಸಿದರು. ಶಾಲಾ ವೇಳೆಗೆ ಒಂದು ಗಂಟೆ ಸೇರಿಸಿ, ಆ ಒಂದು ಗಂಟೆ ಪಠ್ಯಕ್ಕೆ ಕೈಹಾಕಬೇಡಿ ಅಂತ ಸರ್ಕಾರವೇ ಹೇಳಿತು. ಮೂರನೇ ತರಗತಿ, ಐದನೇ ತರಗತಿ ಅನ್ನೋದು ಬಿಟ್ಟು ಓದುವ ಮಟ್ಟದ ಪ್ರಕಾರ ಮಕ್ಕಳನ್ನು ಗುಂಪು ಮಾಡಿದರು. ಮೇಲ್ವಿಚಾರಣೆಗೆ ಹೋಗುವ ಇಲಾಖೆಯ ಸಿಬ್ಬಂದಿ ಮೊದಲು ತಾವೇ ಕೆಲವು ವಾರ ಮಕ್ಕಳಿಗೆ ಕಲಿಸಿ ನೋಡಿದರು. ಈ ಸಲ ಹಿಂದಿ ಓದು ಸುಧಾರಿಸಿತು. ಅದೇ ಮೇಷ್ಟ್ರು, ಅದೇ ಸಂಬಳ.

ಉತ್ತರ ಪ್ರದೇಶದಲ್ಲಿ ಕಾಯಂ ಮೇಷ್ಟ್ರುಗಳನ್ನು ಅಷ್ಟು ಬದಲಿಸುವುದು ಕಷ್ಟ ಅಂತ 2013–14ರಲ್ಲಿ ಪ್ರಥಮ್ ತಂಡವೇ ಶಾಲೆಗೆ ಹೋಗಿ ಹತ್ತು, ಇಪ್ಪತ್ತು ದಿನಗಳ ಶಿಬಿರ ನಡೆಸಿತು. ವರ್ಷದಲ್ಲಿ ಒಟ್ಟು ಐವತ್ತು ದಿನ. ನೆಲದ ಮೇಲೆ ಕಾಗುಣಿತದ ಚಾರ್ಟ್, ಹತ್ತರ ಲೆಕ್ಕಕ್ಕೆ ಕಡ್ಡಿಯ ಕಟ್ಟುಗಳು, ಜೋರಾಗಿ ಓದುವ ಕಥೆಗಳು. ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳು ಉಳಿದ ಶಾಲೆಗಳಿಗಿಂತ ಸುಮಾರು ದುಪ್ಪಟ್ಟಾದರು. ಆಮೇಲೆ ಈ ಕ್ರಮ ಜಾಂಬಿಯಾಗೂ ಹೋಯಿತು. ಬ್ಯಾನರ್ಜಿ, ಡುಫ್ಲೊ, ಕ್ರೆಮರ್ ಮೂವರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಟ್ಟಕ್ಕೆ ತಕ್ಕ ಕಲಿಕೆ ಕನ್ನಡದ ಶಾಲೆಗಳಿಗೆ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದಲೇ ಹತ್ತುತ್ತದೆ. ಆದರೆ ಅದು ಇರುವುದು ಚಿಕ್ಕ ತರಗತಿಗಳಿಗೆ, ನಾಲ್ಕನೇ ತರಗತಿಗೆ ಕಾಲಿಟ್ಟರೆ ಪಠ್ಯಪುಸ್ತಕದ ಓಟ ಶುರು. ಅಲ್ಲಿ ಹಿಂದೆ ಬಿದ್ದವರಿಗಾಗಿ ಸರ್ಕಾರ ಪ್ರಥಮ್ ಜೊತೆ ಸೇರಿ 4 ಮತ್ತು 5ನೇ ತರಗತಿಗೆ ‘ಓದು ಕರ್ನಾಟಕ’ ತಂದಿತು. ಇಂಥ ಯೋಜನೆ ನಿಮ್ಮೂರ ಶಾಲೆಯಲ್ಲಿ ಇದ್ದರೆ ಒಮ್ಮೆ ಹೋಗಿ ಎರಡು ವಿಷಯ ಕೇಳಿ. ಅದಕ್ಕೆ ವೇಳಾಪಟ್ಟಿಯಲ್ಲಿ ಬೇರೆ ಪಿರಿಯಡ್ ಇದೆಯಾ? ಶಾಲೆ ನೋಡಲು ಇಲಾಖೆಯ ಸಿಆರ್‌ಪಿ ಬಂದಾಗ ರಿಜಿಸ್ಟರ್ ನೋಡಿ ಹೋಗುತ್ತಾರಾ, ಇಲ್ಲಾ ಒಂದೆರಡು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರಾ?