‘ಬಂತು’ ಬೇರೆ, ‘ವಕ್ಕರಿಸಿತು’ ಬೇರೆ: ಪದದಿಂದ ಧಾಟಿ ಹಿಡಿಯುವುದು

ಬಿ.ಎಡ್. ಪಾಠ ಅಭ್ಯಾಸಕ್ಕೆ ಧಾರವಾಡದ ಒಂದು ಶಾಲೆಗೆ ಹೋಗಿದ್ದೆ. ಒಂಬತ್ತನೇ ತರಗತಿ. ಪದ್ಯದ ಧಾಟಿ ಗುರುತಿಸುವುದನ್ನು ಹೇಳಿಕೊಡಬೇಕಿತ್ತು. ನಾನು ಜಾಣತನ ಮಾಡಲು ಹೋಗಿ ಬೋರ್ಡ್ ಮೇಲೆ ಒಂದು ಪಟ್ಟಿ ಬರೆದೆ: ಕೋಪ, ವ್ಯಂಗ್ಯ, ಕರುಣೆ, ವಿಷಾದ, ಭಕ್ತಿ, ತಮಾಷೆ. ನಾಲ್ಕು ಪದ್ಯ ಕೊಟ್ಟು, ಯಾವುದಕ್ಕೆ ಯಾವುದು ಹೊಂದುತ್ತದೆ ಬರೆಯಿರಿ ಅಂದೆ. ಅರ್ಧ ಕ್ಲಾಸು ನಾಲ್ಕಕ್ಕೂ ‘ವಿಷಾದ’ ಅಂತ ಬರೆದಿತ್ತು. ಯಾಕೆ ಅಂತ ಕೇಳಿದರೆ ಒಬ್ಬ ಹುಡುಗಿ, “ಆ ಶಬ್ದ ಭಾರಿ ಐತ್ರಿ ಸರ್” ಅಂದಳು.

ಆಗ ನಗು ಬಂತು. ಆಮೇಲೆ ಹೊಳೆಯಿತು: ಅವಳು ಪದದ ತೂಕ ನೋಡಿಯೇ ಆರಿಸಿದ್ದಳು. ನಾನು ಕಲಿಸಬೇಕಾಗಿದ್ದೂ ಅದೇ ಅಲ್ವಾ? ಧಾಟಿಯ ಹೆಸರುಗಳ ಪಟ್ಟಿ ಕೊಟ್ಟು ಕೆಡಿಸಿದವನು ನಾನು. ಹಾಗಾಗಿ ಈ ಟಿಪ್ಪಣಿಯಲ್ಲಿ ಪಟ್ಟಿ ಇಲ್ಲ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಕೆಲವರು ಧಾಟಿಯನ್ನೇ ‘ಧ್ವನಿ’ ಅಂತ ಬರೆಯುತ್ತಾರೆ. ಕಾವ್ಯಮೀಮಾಂಸೆ ಓದುವವರಿಗೆ ಇದು ತೊಡಕು. ಅಲ್ಲಿ ಧ್ವನಿ ಅಂದರೆ 9ನೇ ಶತಮಾನದ ಆನಂದವರ್ಧನ ಹೇಳಿದ ಧ್ವನಿ. ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥ. ಧಾಟಿ ಅಂದರೆ ಹೇಳುವವರಿಗೆ ಆ ವಿಷಯದ ಮೇಲೆ, ಕೇಳುವವರ ಮೇಲೆ ಇರುವ ಮನೋಭಾವ. ಎರಡಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ.

ಈಗ ಕೆಲಸದ ಮಾತು. ಧಾಟಿ ಸಿಗುವುದು ಬರೆದ ಪದದಲ್ಲಷ್ಟೇ ಅಲ್ಲ. ಆ ಜಾಗಕ್ಕೆ ಬರಬಹುದಾಗಿದ್ದೂ ಬರದೆ ಹೋದ ಪದಗಳನ್ನು ಪಕ್ಕಕ್ಕೆ ಇಟ್ಟು ನೋಡಿದಾಗ ಸಿಗುತ್ತದೆ. ಸಾವನ್ನೇ ತೆಗೆದುಕೊಳ್ಳಿ. ಲಿಂಗಾಯತ ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ. ಪತ್ರಿಕೆಯಲ್ಲಿ ಗಣ್ಯರು ನಿಧನರಾಗುತ್ತಾರೆ. ನಮ್ಮ ಮನೆಯ ಅಜ್ಜ ತೀರಿಕೊಳ್ಳುತ್ತಾರೆ. ಸಿನಿಮಾದ ಖಳನಾಯಕ ಗೊಟಕ್ ಅನ್ನುತ್ತಾನೆ. ನಡೆದದ್ದು ಒಂದೇ. ಒಂದು ಕತೆಯಲ್ಲಿ ಮಗನೇ ‘ಅಪ್ಪ ಸತ್ತ’ ಅಂದರೆ ಓದುವವರು ಅಲ್ಲೇ ತಡೆದು ನಿಲ್ಲುತ್ತಾರೆ. ‘ತೀರಿಕೊಂಡರು’ ಅನ್ನಬಹುದಿತ್ತಲ್ಲ, ಯಾಕೆ ಅನ್ನಲಿಲ್ಲ? ಸಿಟ್ಟೋ, ಮರಗಟ್ಟಿದ ದುಃಖವೋ? ಉತ್ತರ ಮುಂದಿನ ಸಾಲುಗಳಲ್ಲಿ ಇರುತ್ತದೆ. ಪ್ರಶ್ನೆ ಮಾತ್ರ ಆ ಒಂದು ಪದದಿಂದಲೇ ಹುಟ್ಟಿತು.

ಎರಡನೇ ದಿನ ಕ್ಲಾಸಿಗೆ ಒಂದು ತುಣುಕು ನಾನೇ ಕಟ್ಟಿಕೊಂಡು ಹೋದೆ. ಬ್ಯಾಡಗಿ ಕಡೆಯ ಒಂದು ಕಣ ಅಂದುಕೊಳ್ಳಿ.

“ಮಧ್ಯಾಹ್ನ ಮಳೆ ಬಂತು. ಕಣದಲ್ಲಿ ಹರವಿದ್ದ ಮೆಣಸಿನಕಾಯಿ ನೆನೆಯಿತು. ಬಸಣ್ಣ ನೋಡುತ್ತ ಕೂತ.”

ಅದನ್ನೇ ಹೀಗೆ ಬದಲಿಸಿದೆ:

“ಮಧ್ಯಾಹ್ನ ಮಳೆ ವಕ್ಕರಿಸಿತು. ಕಣದಲ್ಲಿ ಹರವಿದ್ದ ಮೆಣಸಿನಕಾಯಿ ತೊಯ್ದು ತೊಪ್ಪೆಯಾಯಿತು. ಬಸಣ್ಣ ಮಿಕಿಮಿಕಿ ನೋಡುತ್ತ ಕೂತ.”

ಬದಲಾದದ್ದು ಮೂರೇ ಕಡೆ. ‘ವಕ್ಕರಿಸು’ ಅನ್ನುವುದು ಬೇಡದ ನೆಂಟರಿಗೆ, ಪೀಡೆಗೆ ಬಳಸುವ ಮಾತು. ಅಲ್ಲಿಗೆ ಮಳೆಯ ಮೇಲೆ ಸಿಟ್ಟಿದೆ ಅಂತಾಯಿತು. ‘ತೊಯ್ದು ತೊಪ್ಪೆ’ ನಷ್ಟವನ್ನು ದೊಡ್ಡದು ಮಾಡುತ್ತದೆ, ಜೊತೆಗೆ ಅದರ ಸದ್ದಿನಲ್ಲೇ ಸ್ವಲ್ಪ ತಮಾಷೆ ಇದೆ. ಚರ್ಚೆ ಜೋರಾದದ್ದು ‘ಮಿಕಿಮಿಕಿ’ ಬಗ್ಗೆ. ಪಾಪ ಅನ್ನಿಸುತ್ತದೆ ಅಂತ ಕೆಲವರು. ಇಲ್ಲ, ಹೇಳುವವರು ಬಸಣ್ಣನನ್ನು ನೋಡಿ ನಗುತ್ತಿದ್ದಾರೆ ಅಂತ ಉಳಿದವರು. ನನಗೂ ಎರಡನೆಯದೇ ಸರಿ ಅನ್ನಿಸುತ್ತದೆ. ಏನೂ ತೋಚದೆ ಕಣ್ಣು ಪಿಳುಕಿಸುವವರಿಗೆ ಆ ಮಾತು ಹೇಳುತ್ತೇವೆ. ಗೌರವ ಇರುವ ಕಡೆ ಹೇಳುವುದಿಲ್ಲ. ಅಂದರೆ ಮಳೆಯ ಮೇಲೆ ಒಂದು ಧಾಟಿ, ಮನುಷ್ಯನ ಮೇಲೆ ಇನ್ನೊಂದು. ಮೂರು ವಾಕ್ಯದಲ್ಲಿ ಎರಡು. ಪಟ್ಟಿಯಿಂದ ಒಂದನ್ನು ಆರಿಸಿ ಅಂದಿದ್ದರೆ ಇದು ಕೈಗೆ ಸಿಗುತ್ತಲೇ ಇರಲಿಲ್ಲ.

ಆಮೇಲೆ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು: “ಸರ್, ಮೊದಲಿನದ ಜಾಸ್ತಿ ಕೆಟ್ಟ ಅನಸ್ತೈತ್ರಿ.” ಹೌದು, ಮೊದಲನೆಯದರಲ್ಲಿ ಬಣ್ಣ ಕಟ್ಟುವ ಪದ ಒಂದೂ ಇಲ್ಲ. ಬಂತು, ನೆನೆಯಿತು, ಕೂತ. ಅಷ್ಟು ದೊಡ್ಡ ನಷ್ಟವನ್ನು ಅಷ್ಟು ಒಣ ಮಾತಲ್ಲಿ ಹೇಳಿದ್ದಕ್ಕೇ ಎದೆ ಭಾರ ಆಗುತ್ತದೆ. ಸಾದಾ ಪದ ಇದ್ದರೆ ಧಾಟಿಯೇ ಇಲ್ಲ ಅಂತ ನಾವು ತಿಳಿಯುವುದು ತಪ್ಪು. ಇದನ್ನು ನಾನು ಪಾಠ ಯೋಜನೆಯಲ್ಲಿ ಬರೆದುಕೊಂಡೇ ಇರಲಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಧಾರವಾಡದಲ್ಲೇ ಇದೆ. ಸಾಧನಕೇರಿಯ ಬೇಂದ್ರೆ ಅವರ ‘ನೀ ಹೀಂಗ ನೋಡಬ್ಯಾಡ ನನ್ನ’. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು ಅದು. ಆ ಹೆಸರನ್ನೇ ‘ನೀನು ನನ್ನನ್ನು ಹೀಗೆ ನೋಡಬೇಡ’ ಅಂತ ತಿದ್ದಿ ನೋಡಿ. ವ್ಯಾಕರಣ ಅಚ್ಚುಕಟ್ಟು. ಆದರೆ ಗಂಡ ಹೆಂಡತಿ ಇಬ್ಬರೇ ಇದ್ದ ಕೋಣೆಯಿಂದ ಮಾತು ಹೊರಗೆ ಬಂದು, ಗದರಿಸಿದ ಹಾಗೆ ಕೇಳುತ್ತದೆ. ಮನೆಮಾತು ಇಟ್ಟದ್ದೂ ಪದದ ಆಯ್ಕೆಯೇ. ‘ಗ್ರಾಮ್ಯ ಭಾಷೆ ಬಳಸಲಾಗಿದೆ’ ಅಂತ ಬರೆದು ಕೈತೊಳೆದುಕೊಂಡರೆ ಉತ್ತರ ಅಲ್ಲೇ ಸತ್ತಿತು.

ಊರೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ‘ಮಾರಿ ತೊಳಕೊಂಡ ಬಾ’ ಅಂದರೆ ಮುಖ ತೊಳೆದು ಬಾ, ಅಷ್ಟೇ. ಮೈಸೂರು ಕಡೆಯ ಓದುಗರಿಗೆ ಮಾರಿ ಅಂದರೆ ಊರ ದೇವತೆ, ಇಲ್ಲವೇ ಬೈಗುಳ. ‘ಲೇ’ ಅನ್ನುವುದು ಗೆಳೆಯರ ನಡುವೆ ಪ್ರೀತಿ. ಗುರುತಿಲ್ಲದವರಿಗೆ ಅಂದರೆ ಜಗಳ. ಅದಕ್ಕೇ ಯಾರು ಯಾರಿಗೆ ಹೇಳಿದರು ಅಂತ ನೋಡದೆ ಧಾಟಿ ಹೇಳಬೇಡಿ. ಮಕ್ಕಳನ್ನು ಮಾತಿಗೆ ಎಳೆಯಲು ಸುಮ್ನೆ ಒಂದು ಪ್ರಶ್ನೆ ಕೇಳಬಹುದು: ಹುಬ್ಬಳ್ಳಿ-ಧಾರವಾಡದ ನಡುವೆ ಮೀಸಲು ದಾರಿಯಲ್ಲಿ ಓಡುವ ಬಿ.ಆರ್.ಟಿ.ಎಸ್. ಬಸ್ಸಿಗೆ ‘ಹರಿಣ’ ಅನ್ನದೆ ಅದೇ ಅರ್ಥದ ‘ಚಿಗರಿ’ ಅಂತ ಯಾಕೆ ಹೆಸರಿಟ್ಟರು? ಹತ್ತು ನಿಮಿಷ ಅವರೇ ಮಾತಾಡುತ್ತಾರೆ.

ಉತ್ತರ ಬರೆಯುವಾಗ ಮೂರು ಸಂಗತಿ ಒಟ್ಟಿಗೆ ಬರಲಿ: ಯಾವ ಪದ, ಅದರ ಬದಲು ಏನು ಬರಬಹುದಿತ್ತು, ಅದರಿಂದ ಏನು ಬದಲಾಯಿತು. ಹೀಗೆ: “ಮಳೆ ‘ಬಂತು’ ಎನ್ನದೆ ‘ವಕ್ಕರಿಸಿತು’ ಎಂದಿರುವುದರಿಂದ ನಿರೂಪಕರು ಮಳೆಯನ್ನು ಕರೆಯದೆ ಬಂದ ಪೀಡೆಯಂತೆ ಕಾಣುತ್ತಿದ್ದಾರೆ.” ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ‘ಕವಿ’ ಅನ್ನದೆ ‘ನಿರೂಪಕರು’, ಅಂದರೆ ಅಲ್ಲಿ ಮಾತಾಡುವವರು, ಅಂತ ಬರೆದದ್ದನ್ನು ಗಮನಿಸಿ. ದುರ್ಯೋಧನ ಸೊಕ್ಕಿನಿಂದ ಮಾತಾಡಿದರೆ ಸೊಕ್ಕು ದುರ್ಯೋಧನನದು, ಗದುಗಿನ ಕುಮಾರವ್ಯಾಸನದಲ್ಲ. ನಾನು ತಿದ್ದಿದ ಉತ್ತರಗಳಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬಿದ್ದದ್ದು ಇಲ್ಲೇ.